ಸಣ್ಣಜ್ಜನ ನಡುಗಂಬ

ಈ ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು; ವಾಕ್ಯ ತಪ್ಪೀತೆಂಬ ಅಂಜಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ನಮ್ಮ ಅಜ್ಜನ ತಮ್ಮನಾದ ಸಣ್ಣಜ್ಜನಿಗೆ ಮನುಷ್ಯರಿಗಿಂತ ಕಂಬಗಳ ಮೇಲೆಯೇ ಪ್ರೀತಿ ಹೆಚ್ಚು ಎಂದರೆ ಅದರಲ್ಲಿ ಲೋಪವೇನೂ ಇಲ್ಲ!

ಗೊಳಸಂಗಿಯ ನಮ್ಮ ಗಾಣದ ಮನೆಗೆ ಹನ್ನೆರಡು ಬೇವಿನ ಕಂಬಗಳು. ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಗೋಡೆಗಳು ಬರೀ ಮರೆಗೆ. ದಿನದ ಮೊದಲ ಬೊಗಸೆ ಕುಸುಬಿ ಎಣ್ಣೆ ದೇವರ ದೀಪಕ್ಕಲ್ಲ, ಕಂಬಗಳ ಮೈಗೆ! ಅಜ್ಜಿ ಗೊಣಗಿದರೆ, "ದೇವರಿಗೆ ಹುಳ ಹತ್ತತೈತೇನ ಅತ್ತಿಗಿ?" ಎಂದು ಸಣ್ಣಜ್ಜ ಬಾಯಿ ಮುಚ್ಚಿಸುತ್ತಿದ್ದರು.

ಅಕ್ಕನನ್ನು ನೋಡಲು ಸಿಂದಗಿಯಿಂದ ವರನ ಕಡೆಯವರು ಬಂದಾಗ ಕಾಲಿಗೆ ನೀರು ಕೊಡುವ ಮೊದಲೇ ಕಂಬಗಳ ಚರಿತ್ರೆ ಆರಂಭವಾಯಿತು. ಎಂಟನೆಯ ಕಂಬಕ್ಕೆ ಬರುವಷ್ಟರಲ್ಲಿ ವರನ ತಂದೆ ಸಣ್ಣಜ್ಜನಿಗೆ ಕೈಮುಗಿದರು.

"ಯಜಮಾನ್ರ, ನಾವು ಕನ್ಯಾ ನೋಡಾಕ ಬಂದೇವ್ರಿ."

"ಕನ್ಯಾ ಎಲ್ಲಿ ಓಡಿ ಹೊಕ್ಕಾಳ? ಮೊದಲ ಈ ನಡುಗಂಬ ನೋಡ್ರಿ. ಇಡೀ ಮನಿ ಇದರ ಮ್ಯಾಲ ನಿಂತೈತಿ!"

ಸಂಬಂಧ ಕೂಡಿತು. ಪಾರಾಗುವ ಅವಸರಕ್ಕೇ ಒಪ್ಪಿದರೋ ಏನೋ!

ಬಾಗೇವಾಡಿಯಲ್ಲಿ ಇಂಜಿನ್ನಿನ ಗಾಣ ಶುರುವಾದ ಮೇಲೆ ನಮ್ಮಲ್ಲಿಗೆ ಕುಸುಬಿ ತರುವವರು ನಿಂತೇಹೋದರು. ಇಂಜಿನ್ ಕೂಡಿಸದಿದ್ದರೆ ಒಲೆ ಹೊತ್ತುವುದಿಲ್ಲ. ಕೂಡಿಸಲು ನಡುಗಂಬ ಅಡ್ಡ. ಸಣ್ಣಜ್ಜ ಅದನ್ನು ತಬ್ಬಿ ಕುಳಿತರು.

"ಆ ಕಡೆ ಸರೀರಿ ಕಾಕಾ. ಬಡಿಗ್ಯಾ ತೊಲಿಗೆ ಬ್ಯಾರೆ ಆಸರಾ ಕೊಡ್ತಾನ," ಎಂದರು ಅಪ್ಪ.

"ಇದನ್ನ ತಗದ್ರ ಮನಿ ಕುಂದರತೈತಿ ನೋಡ!"

ಬಡಿಗ ಏಣಿ ಹತ್ತಿ ಕಂಬದ ತಲೆಯನ್ನು ತಟ್ಟಿದ. ಒಂದು ಬೆಣೆ ಅವನ ಕೈಗೇ ಬಂತು. ತೊಲೆ ಕದಲಲಿಲ್ಲ. ಕಂಬಕ್ಕೂ ತೊಲೆಗೂ ನಡುವೆ ಎರಡು ಬೆರಳಿನ ಸಂದು!

"ಇದರ ಮ್ಯಾಲ ಭಾರನ ಇಲ್ಲಲ್ರಿ!" ಎಂದು ನಕ್ಕ. ನಾವೂ ನಕ್ಕೆವು. ಸಣ್ಣಜ್ಜ ನಗಲಿಲ್ಲ.

"ನನಗ ಗೊತ್ತೈತಪಾ," ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದರು. "ಮನಿ ಕಟ್ಟೂ ಮುಂದ ನಾನ ಅಳತಿ ತಪ್ಪಿ ಗಿಡ್ಡ ಕೊರದೆ. ಊರ ಮಂದಿ ನಗತಾರಂತ ಅಳಾಕ ಹತ್ತಿದೆ. ನಿಮ್ಮಪ್ಪ ಸುಮ್ಮನ ಬೆಣಿ ಬಡದು, 'ನನ್ನ ತಮ್ಮ ನಿಲ್ಲಿಸಿದ ಕಂಬ, ಇಡೀ ಮನಿ ಇದರ ಮ್ಯಾಲ ನಿಂತೈತಿ' ಅಂತ ಎಲ್ಲಾರಿಗೂ ಹೇಳಿದ. ಅಣ್ಣ ಹೋದ. ಅವನ ಮಾತ ನಾನರ ಉಳಸಬೇಕಲ್ಲ?"

ಕಂಬಕ್ಕೆ ಒಮ್ಮೆ ಕೈಯಾಡಿಸಿ, ಎದ್ದು ದಾರಿ ಬಿಟ್ಟರು. "ತಗೀರಿ."

ಇಂಜಿನ್ ಬಂತು, ಗಾಣದ ಎತ್ತು ಹೋಯಿತು. ಮುಂದಿನ ಕುಸುಬಿಯ ಸುಗ್ಗಿಗೆ ಸಣ್ಣಜ್ಜ ಇರಲಿಲ್ಲ. ಇಂಜಿನ್ನಿನ ದುಡಿಮೆಯಿಂದ ನಾನು ಕಾಲೇಜು ಓದಿದೆ; ನಮ್ಮ ಮನೆತನದಲ್ಲಿ ಗಾಣ ಹೂಡದ ಮೊದಲಿಗ ನಾನಾದೆ.