ನಾವು ಟಿಕೆಟ್ ಮಾಡಿಸಿದರೆ ಸಾಯುವವರು

ನಮ್ಮ ವಂಶದಲ್ಲಿ ಯಾರೂ ಮಳೆಗಾಲದಲ್ಲಿ ಸಾಯುವುದಿಲ್ಲ, ಚಳಿಗಾಲದಲ್ಲೂ ಸಾಯುವುದಿಲ್ಲ. ಬೇಸಿಗೆ ಬರಲಿ, ಇವನು ಟಿಕೆಟ್ ಮಾಡಿಸಲಿ ಅಂತ ಕಾದಿದ್ದು ಆಮೇಲೆ ಸಾಯುತ್ತಾರೆ. ಒಂದು ಸಲ ಆಗಿದ್ದರೆ ಕಾಕತಾಳೀಯ ಅಂದುಕೊಂಡು ಸುಮ್ಮನಾಗುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಯುಗಾದಿಯ ಹಾಗೆ ವರ್ಷಾವರ್ಷ ಬರತೊಡಗಿತು.

ನಾವು ಕೊಡಿಗೇಹಳ್ಳಿಯ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ, ಮುಂದೆ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ದಾಯಾದಿಗಳು ನಾಗಸಂದ್ರದಿಂದ ಯಲಹಂಕದವರೆಗೂ ಹರಡಿಕೊಂಡಿದ್ದಾರೆ. ನಮ್ಮಲ್ಲಿ ಒಂದು ಕಟ್ಟುಪಾಡು: ವಂಶದಲ್ಲಿ ಯಾರು ತೀರಿಕೊಂಡರೂ ವರ್ಷ ತುಂಬುವ ತನಕ ಉಳಿದವರು ಬೆಟ್ಟ ಹತ್ತುವ ಹಾಗಿಲ್ಲ. ಬೇರೆಯವರು ಸ್ವಂತ ಮನೆಯ ಸಾವಿಗೆ ಮಾತ್ರ ಇದನ್ನು ಪಾಲಿಸುತ್ತಾರಂತೆ. ನಮ್ಮವರಿಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ಈ ಕಟ್ಟುಪಾಡಿನ ಕಾವಲಿಗೆ ನಿಂತವರು ಪಕ್ಕದ ಮನೆಯ ನಮ್ಮ ದೊಡ್ಡಪ್ಪ. ವಂಶದಲ್ಲಿ ಎಲ್ಲರಿಗಿಂತ ಹಿರಿಯರು.

ನಗುತ್ತಾ ಹೇಳುತ್ತಿದ್ದೇನೆ, ಆದರೆ ವಿಷಯ ನಗುವಂಥದ್ದಲ್ಲ. ನನ್ನ ಹೆಂಡತಿಗೆ ಗ್ಲಾಕೋಮ. ಕಣ್ಣಿನ ಅಂಚಿನಿಂದ ಕತ್ತಲೆ ಒಳಗೊಳಗೆ ಬರುತ್ತಿದೆ. ಹೆಬ್ಬಾಳದ ಕಣ್ಣಿನ ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟು, "ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದನ್ನ ಆದಷ್ಟು ಉಳಿಸ್ಕೊಳ್ಳೋಣ. ಏನಾದ್ರೂ ನೋಡ್ಬೇಕು ಅನ್ನೋ ಆಸೆ ಇದ್ರೆ ಮುಂದಕ್ಕೆ ಹಾಕ್ಬೇಡಿ" ಅಂದರು.

ವಾಪಸು ಬರುವಾಗ ಆಟೋದಲ್ಲಿ ಅವಳು, "ನಂಗೆ ಹಿಮದ ಬೆಟ್ಟ ನೋಡ್ಬೇಕು ಕಣ್ರೀ" ಅಂದಳು. ಮದುವೆಯಾದಾಗಿನಿಂದ ನಾನು ಅವಳಿಗೆ ತೋರಿಸಿದ್ದು ನಂದಿ ಬೆಟ್ಟ ಒಂದೇ. ಅದೂ ಮಂಜು ಮುಚ್ಚಿಕೊಂಡು ನಮ್ಮ ಕಾಲು ನಮಗೇ ಕಾಣದಿದ್ದ ದಿನ.

ಶಿವನ ವಿಳಾಸ

ಆರ್.ಟಿ. ನಗರದಲ್ಲಿ ಪ್ರವಾಸ ಏರ್ಪಾಡು ಮಾಡುವವರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಅವರ ಹತ್ತಿರ ಹಿಮಾಚಲಕ್ಕೆ ಟಿಕೆಟ್ ಮಾಡಿಸಿ, ಹೆಂಡತಿಗೆ ಉಣ್ಣೆಯ ಟೋಪಿ ಕೊಂಡು ಮನೆಗೆ ಬಂದೆ. ಅವಳು ಅದನ್ನು ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲಿ ಬೆವರುತ್ತಾ ಕನ್ನಡಿ ನೋಡಿಕೊಂಡಳು. ಅದೇ ವಾರ ನಾಗಸಂದ್ರದ ಚಿಕ್ಕಪ್ಪ ಹೋದರು.

ತಿಥಿಯೆಲ್ಲಾ ಮುಗಿದ ಮೇಲೆ ನಾನು ದೊಡ್ಡಪ್ಪನ ಮುಂದೆ ಕೂತು ವಾದಕ್ಕಿಳಿದೆ. "ದೊಡ್ಡಪ್ಪ, ಹಿರಿಯರು ಹೇಳಿದ್ದು ದೇವರ ಬೆಟ್ಟದ ಮಾತು. ನಾವು ಹೋಗ್ತಿರೋದು ಬರೀ ನೋಡಕ್ಕೆ. ಪೂಜೆ ಇಲ್ಲ, ಹರಕೆ ಇಲ್ಲ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ದೊಡ್ಡಪ್ಪ ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ ಕೇಳಿದರು: "ಯಾವ ಬೆಟ್ಟ ಅಂದೆ?"

"ಹಿಮಾಲಯ."

"ಅಲ್ಲಿ ಯಾರ್ಲಾ ಕುಂತಿರಾದು?"

ಉತ್ತರವನ್ನೂ ಅವರೇ ಕೊಟ್ಟರು.

"ಸಿವ ಎಂಡ್ರು ಮಕ್ಳ ಕಟ್ಕಂಡು ಅಲ್ಲೇ ಸಂಸಾರ ಮಾಡ್ತಾವ್ನೆ. ಸೂತಕದಾಗೆ ಅವ್ನ ಮನೆ ಬಾಗ್ಲಿಗೇ ಓಗಿ, ಸುಮ್ಕೆ ನೋಡಾಕ್ ಬಂದೆ ಅಂತೀಯೇನ್ಲಾ?"

ಖುದ್ದಾಗಿ ಬಂದ ಸುದ್ದಿ

ಮುಂದಿನ ವರ್ಷ ಮತ್ತೆ ಟಿಕೆಟ್ ಮಾಡಿಸಿದೆ. ಈ ಸಲ ಯಾರಿಗೂ ಹೇಳಬಾರದು ಅಂತ ತೀರ್ಮಾನಿಸಿ ಹೆಂಡತಿಗೆ ಮಾತ್ರ ಹೇಳಿದೆ. ಅವಳು ತರಕಾರಿಯವಳಿಗೆ ಮಾತ್ರ ಹೇಳಿದಳು.

ಗೊರಗುಂಟೆಪಾಳ್ಯದಲ್ಲಿ ನಮ್ಮದೊಂದು ದಾಯಾದಿ ಮನೆಯಿದೆ. ಭಾಗದ ವಿಷಯಕ್ಕೆ ಅಪ್ಪನ ಕಾಲದಲ್ಲೇ ಜಗಳವಾಗಿ, ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುವಷ್ಟು ಬಾಂಧವ್ಯ. ಹೊರಡುವುದಕ್ಕೆ ಇನ್ನೇನು ಒಂದು ವಾರ ಅನ್ನುವಾಗ ಆ ಮನೆಯ ಮಗ ನಮ್ಮ ಬಾಗಿಲಿಗೆ ಬಂದು ನಿಂತ. ನಾನು ಗಾಬರಿಯಿಂದ ಒಳಗೆ ಕರೆದೆ. ಹೆಂಡತಿ ಕಾಫಿ ತಂದು ಟೀಪಾಯಿಯ ಮೇಲೆ ಇಟ್ಟಳು. ಇಟ್ಟೆ ಅಂದುಕೊಂಡಳು, ಅಷ್ಟೇ. ಅಂಚು ಅವಳಿಗೆ ಕಾಣಲಿಲ್ಲ, ಲೋಟ ನೆಲಕ್ಕೆ ಬಿತ್ತು. "ಕೈ ಜಾರ್ತು" ಅಂತ ಸುಳ್ಳು ಹೇಳಿ ಒರೆಸತೊಡಗಿದಳು.

ಬಂದವನು ಕಾಫಿ ಸಿಡಿದ ಪ್ಯಾಂಟನ್ನು ಕೊಡವಿಕೊಂಡು, "ನಮ್ಮಪ್ಪ ಬೆಳಗ್ಗೆ ಹೋಗ್ಬಿಟ್ರು" ಅಂದ.

ನನಗೂ ಬೇಸರವಾಯಿತು. ಎಷ್ಟಾದರೂ ರಕ್ತ. "ಈ ದುಃಖದಲ್ಲಿ ನೀನೇ ಬರ್ಬೇಕಿತ್ತೇನಪ್ಪಾ? ಯಾರ ಹತ್ರಾನಾದ್ರೂ ಹೇಳಿ ಕಳಿಸಿದ್ರೆ ಸಾಕಿತ್ತು" ಅಂದೆ.

"ಪರವಾಗಿಲ್ಲ ಬಿಡಿ ಅಣ್ಣ" ಅಂದ. "ಬೆಟ್ಟಕ್ಕೆ ಟಿಕೆಟ್ ಮಾಡ್ಸಿದೀರಂತೆ. ಅದಕ್ಕೇ ನಾನೇ ಖುದ್ದಾಗಿ ಹೇಳೋಣ ಅಂತ ಬಂದೆ."

ಮೂಸಂಬಿ ಯಾತ್ರೆ

ಟಿಕೆಟ್ ರದ್ದು ಮಾಡಿಸಲು ಹೋದರೆ ಆರ್.ಟಿ. ನಗರದವರು ನನ್ನ ಮುಖ ನೋಡಿಯೇ ಎದ್ದು ನಿಂತು, "ಈ ಸರ್ತಿ ಯಾರ್ರಿ ಸರ?" ಅಂದರು. ಹೇಳಿದೆ. ಅವರು ಪಾಪ ಒಂದು ನಿಮಿಷ ತಲೆ ತಗ್ಗಿಸಿ ನಿಂತರು. ನಮ್ಮ ವಂಶದಲ್ಲಿ ಯಾರು ಹೋದರೂ ಮನಸ್ಸಿಟ್ಟು ದುಃಖಪಡುತ್ತಿದ್ದವರು ಅವರೊಬ್ಬರೇ.

"ಸರ, ಒಂದ್ ಮಾತ್ ಹೇಳ್ತೀನ್ರಿ, ಸಿಟ್ ಮಾಡ್ಕೋಬ್ಯಾಡ್ರಿ" ಅಂದರು. "ಮುಂದಿನ ವರ್ಷ ಬುಕ್ ಮಾಡೂಕಿಂತ ಮೊದ್ಲ, ನಿಮ್ ಮಂದ್ಯಾಗ ಯಾರ್ಯಾರು ಗಟ್ಟಿ ಅದಾರ, ಯಾರಿಗೆ ಆರಾಮಿಲ್ಲ, ಒಮ್ಮೆ ಸುತ್ತಾಡಿ ನೋಡ್ಕೊಂಡ್ ಬರ್ರಲ್ಲ."

ಕೇಳಿದರೆ ಮೈ ಜುಮ್ಮೆನ್ನುವ ಸಲಹೆ. ಆದರೆ ಅಷ್ಟರಲ್ಲಿ ಹೆಂಡತಿಯ ಎಡಗಣ್ಣು ಹೆಚ್ಚುಕಡಿಮೆ ಮುಚ್ಚಿದಂತಾಗಿತ್ತು. ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿ ಉಳಿದಿತ್ತು. ಮಾಘ ಮಾಸದಲ್ಲಿ ಇಬ್ಬರೂ ಮೂಸಂಬಿಯ ಚೀಲ ಹಿಡಿದು ಹೊರಟೆವು. ಹಾಸಿಗೆ ಹಿಡಿದವರು, ಡಯಾಲಿಸಿಸ್‌ನವರು, ದಮ್ಮಿನವರು, ಒಬ್ಬರನ್ನೂ ಬಿಡಲಿಲ್ಲ. ಹೋದ ಕಡೆಯೆಲ್ಲಾ ನಾನು ಮಾತಾಡಿಸುವುದು, ಅವಳು ಹತ್ತಿರ ಬಗ್ಗಿ ಆ ಕಿಂಡಿಯಲ್ಲಿ ಅವರ ಮುಖ ನೋಡುವುದು. ಹೊರಗೆ ಬಂದ ಮೇಲೆ "ಇವ್ರು ತಡೀತಾರೆ", "ಇವ್ರು ಕಷ್ಟ" ಅಂತ ಪಿಸುಗುಟ್ಟುವುದು. ನಾಚಿಕೆಯಾಗುತ್ತಿತ್ತು, ಆದರೂ ಮುಂದಿನ ಮನೆಗೆ ಹೋಗುತ್ತಿದ್ದೆವು.

ಕೊನೆಗೆ ಯಲಹಂಕದ ಚಿಕ್ಕಮ್ಮನ ಮನೆ. ಹೃದಯದ ಕಾಯಿಲೆ, ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಅವರು ಹೆಂಡತಿಯ ಕೈ ಹಿಡಿದುಕೊಂಡು ಮೂಸಂಬಿ ನೋಡಿದರು, ನನ್ನನ್ನು ನೋಡಿದರು.

"ಈ ಮಾತ್ರೆ ಸಾಕಾಗೋಗಿದೆ ಕಣಪ್ಪ, ನಿಲ್ಲಿಸ್ಬಿಡೋಣ ಅಂತಿದ್ದೆ" ಅಂದರು. "ಸರಿ, ಟಿಕೆಟ್ ಯಾವಾಗ್ಲಿಂದು ಅಂತ ಹೇಳು. ಅಲ್ಲೀತನಕ ನುಂಗ್ತೀನಿ."

ದೊಡ್ಡಪ್ಪನ ರಿಯಾಯಿತಿ

ಎಲ್ಲರನ್ನೂ ನೋಡಿದ್ದ ನಾವು ಪಕ್ಕದ ಮನೆಯವರನ್ನು ಮರೆತಿದ್ದೆವು. ಟಿಕೆಟ್ ಬಂದ ಮಾರನೆಯ ದಿನ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈ ವಯಸ್ಸಿಗೆ ಆಪರೇಷನ್ ತಡೆಯಲಾರರು, ಮನೆಯಲ್ಲೇ ನೋಡಿಕೊಳ್ಳಿ ಅಂತ ಆಸ್ಪತ್ರೆಯವರು ಕಳಿಸಿದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು, ದೊಡ್ಡಪ್ಪನಿಗೂ.

ಹೆಂಡತಿ ದಿನಾ ಗೋಡೆ ಸವರಿಕೊಂಡು ಹೋಗಿ ಅವರಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು. ಚಮಚ ಒಮ್ಮೊಮ್ಮೆ ಮೂಗಿಗೆ, ಒಮ್ಮೊಮ್ಮೆ ಗಲ್ಲಕ್ಕೆ. ಅವರು ಬೈಯದೆ ಬಾಯನ್ನೇ ಚಮಚದ ಕಡೆಗೆ ತರುತ್ತಿದ್ದರು. ಟಿಕೆಟಿನ ಆಸೆಗೆ ಕುಡಿಸುತ್ತಿದ್ದಾಳೋ ಪ್ರೀತಿಗೋ ಅಂತ ಒಂದು ದಿನ ನಾನು ಕೇಳಿಬಿಟ್ಟೆ. "ಎರಡಕ್ಕೂ" ಅಂದಳು. ನನಗೆ ಆ ಉತ್ತರ ಹಿಡಿಸಿತು.

ಹೊರಡುವ ದಿನ ಹತ್ತಿರ ಬಂತು. ದೊಡ್ಡಪ್ಪ ನನ್ನನ್ನು ಕರೆಸಿ, "ಓಗ್ಬುಟ್ ಬನ್ರಿ" ಅಂದರು.

"ನಿಮ್ಮನ್ನ ಹೀಗೆ ಬಿಟ್ಟು ಹೆಂಗ್ ಹೋಗೋದು? ಮಧ್ಯದಲ್ಲಿ ಏನಾದ್ರೂ..."

"ಸತ್ರೆ ಸೂತಕ ಯಾವಾಗ್ಲಿಂದ ಇಡೀತದೆ? ಸುದ್ದಿ ಕಿವೀಗ್ ಬಿದ್ ಮ್ಯಾಕೆ. ಬೀಳ್ದೇ ಇದ್ರೆ? ಪೋನ್ ಮುಚ್ಚಿಕ್ಬುಟ್ ಓಗು."

ಕಾವಲಿನವರೇ ಬೇಲಿ ಎತ್ತಿ ಹಿಡಿದು ನುಸುಳು ಅನ್ನುತ್ತಿದ್ದರು. ಸಿಟ್ಟೂ ಬಂತು. "ಈ ದಾರಿ ಇದೆ ಅಂತ ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ ದೊಡ್ಡಪ್ಪ? ಅವಳಿಗೆ ಎರಡು ಕಣ್ಣೂ ಇದ್ದಾಗಲೇ ನೋಡ್ತಿದ್ಲಲ್ಲ?"

"ಆಗ ಸತ್ತೋರು ಬ್ಯಾರೆಯೋರು ಕಣ್ಲಾ. ಅವ್ರ ಮರ್ವಾದೆ ಕಳ್ಯಾಕೆ ನಾನ್ಯಾವನು?" ಅಂದರು ದೊಡ್ಡಪ್ಪ. "ಇದಾದ್ರೆ ನನ್ ಸಾವು. ನನ್ನಿಷ್ಟ."

ಹೋಟೆಲಿನಲ್ಲಿ ಕಣ್ಣಾಮುಚ್ಚಾಲೆ

ಫೋನ್ ಆಫ್ ಮಾಡಿ ಮುಚ್ಚಿಟ್ಟು ಹೋದೆವು. ಹೋಟೆಲಿನ ನಂಬರು ಇದ್ದದ್ದು ಆರ್.ಟಿ. ನಗರದವರ ಹತ್ತಿರ ಮಾತ್ರ. ವಿಮಾನ, ರೈಲು, ಟ್ಯಾಕ್ಸಿ ಎಲ್ಲಾ ಹತ್ತಿಳಿದು ಹಿಮಾಚಲದ ಆ ಊರಿಗೆ ತಲುಪಿದ ದಿನ ಮೋಡ ಮುಸುಕಿತ್ತು. ಮಾರನೆಯ ಬೆಳಗ್ಗೆ ಬಿಸಿಲು ಬಿತ್ತು. ಮೇಲೆ ಹಿಮದ ಹತ್ತಿರ ಕರೆದೊಯ್ಯಲು ಟ್ಯಾಕ್ಸಿ ಬರುವುದಿತ್ತು. ತಿಂಡಿಗೆ ಕೂತಿದ್ದಾಗ ಹೋಟೆಲಿನ ಮ್ಯಾನೇಜರು ದೂರದಿಂದಲೇ, "ಸಾಬ್, ಬೆಂಗಳೂರ್ ಸೇ ಫೋನ್..." ಅನ್ನುತ್ತಾ ಬಂದ.

ನಾನು ಎರಡೂ ಕಿವಿ ಮುಚ್ಚಿಕೊಂಡು ಎದ್ದೆ. "ಅಭೀ ನಹೀ! ಬಾದ್ ಮೇ!" ಅಂದೆ. ಅವನಿಗೆ ಏನು ಅನಿಸಿತೋ, ಇನ್ನೂ ಗಟ್ಟಿಯಾಗಿ ಹೇಳಲು ಹತ್ತಿರ ಬಂದ. ನಾನು ಪರೋಟ ಬಿಟ್ಟು, ಹೆಂಡತಿಯ ಕೈ ಹಿಡಿದು ಹಿಂಬಾಗಿಲಿನಿಂದ ಹೊರಗೆ ಬಂದೆ. ಅವನು ಮುಂಬಾಗಿಲಿನಿಂದ ಬಂದ. ಕಟ್ಟಡವನ್ನು ಒಂದು ಸುತ್ತು ಹಾಕಿ ಟ್ಯಾಕ್ಸಿ ಹತ್ತಿದೆವು. ಅವನು ಕಿಟಕಿಯ ಗಾಜು ಬಡಿಯುತ್ತಿದ್ದಾಗ ನಾನು "ಚಲೋ, ಚಲೋ" ಅಂತ ಕೂಗಿದೆ. ಡ್ರೈವರ್ ನಮ್ಮನ್ನು ಹೋಟೆಲಿನ ಬಾಡಿಗೆ ಕೊಡದೆ ಓಡುವವರು ಅಂದುಕೊಂಡಿರಬೇಕು, ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಹೆಂಡತಿ ಅಳುತ್ತಿದ್ದಳು. "ಹೋಗ್ಬಿಟ್ರಲ್ವಾ?" ಅಂದಳು.

"ನಮಗಿನ್ನೂ ಗೊತ್ತಿಲ್ಲ" ಅಂದೆ.

ಮೇಲೆ ಹೋಗಿ ನಿಂತಾಗ ಎದುರಿಗೆ ಅಷ್ಟಗಲಕ್ಕೂ ಬಿಳಿ ಬೆಟ್ಟ. ಅವಳ ಕಿಂಡಿಗೆ ಅದು ಒಂದೇ ಸಲಕ್ಕೆ ಹಿಡಿಯುವಂಥದ್ದಲ್ಲ. ಎಡತುದಿಯಿಂದ ಶುರುಮಾಡಿ ನಿಧಾನವಾಗಿ ಕತ್ತು ತಿರುಗಿಸುತ್ತಾ ಬಲತುದಿಯವರೆಗೂ ನೋಡಿದಳು. ಮತ್ತೆ ಹಿಂದಕ್ಕೆ. ಗೋಡೆಗೆ ಸುಣ್ಣ ಹೊಡೆಯುವವರು ಒಂದು ಜಾಗವೂ ಬಿಡದೆ ಹೊಡೆಯುತ್ತಾರಲ್ಲ, ಹಾಗೆ. ನಾನು ಬೆಟ್ಟ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಹೋಟೆಲಿಗೆ ಬಂದು, ಕೈಕಾಲು ತೊಳೆದು, ಸುದ್ದಿ ಕೇಳಲು ತಯಾರಾಗಿ ಮ್ಯಾನೇಜರನ ಮುಂದೆ ಕೂತೆವು. ಅವನು ಏನೂ ಹೇಳದೆ ಫೋನ್ ಜೋಡಿಸಿ ನನ್ನ ಕೈಗೆ ಕೊಟ್ಟ.

"ಎಲ್ ಸತ್ತೋಗಿದ್ರ್ಲಾ?" ಅಂತ ಕೇಳಿತು ಆ ಕಡೆಯಿಂದ, ದೊಡ್ಡಪ್ಪನ ಧ್ವನಿ. "ಟೀವಿನಾಗೆ ಎಲ್ಲೋ ಗುಡ್ಡ ಕುಸೀತು ಅಂತ ತೋರ್ಸ್ತಾವ್ರೆ. ನಿಮ್ ಪೋನ್ ಇಲ್ಲ, ಸುದ್ದಿ ಇಲ್ಲ. ನೀವಿಬ್ರೂ ಓಗ್ಬುಟ್ರಿ ಅಂತ ನಾನಿಲ್ಲಿ ತಲೆ ಮ್ಯಾಲೆ ನೀರುಯ್ಕಳಾಕೆ ಅಂಡೆ ತುಂಬ ಕಾಯ್ಸಾಕ್ ಯೋಳಿ ಬಿದ್ಕಂಡಿವ್ನಿ!"

ನಾನು ನಗಲೋ ಅಳಲೋ ಗೊತ್ತಾಗದೆ ಫೋನನ್ನು ಹೆಂಡತಿಗೆ ಕೊಟ್ಟೆ.

"ನೋಡ್ದೇನವ್ವಾ?" ಅಂದರು ಅವರು, ಧ್ವನಿ ತಗ್ಗಿಸಿ.

"ನೋಡ್ದೆ ಮಾವ. ಪೂರ್ತಿ ನೋಡ್ದೆ."

"ಅಂಗಾದ್ರೆ ಇನ್ನ ನಾನು ಒರಡ್ಬೋದೇನವ್ವಾ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಸ್ವಲ್ಪ ತಡೀರಿ ಮಾವ" ಅಂದಳು. "ನಾಳೆ ಇನ್ನೊಂದು ಬೆಟ್ಟ ಇದೆ."