ಮೋಡ ಮುಚ್ಚಿದ ಗದ್ದೆಯ ಬಣ್ಣ

ಕಣ್ಣಿಗಿಂತ ಯಂತ್ರವನ್ನು ಹೆಚ್ಚು ನಂಬುವವನು ನಾನು. ನವುಲೆಯ ನಮ್ಮ ಮನೆಯಂಗಳದಲ್ಲಿ ನೆನೆಯುತ್ತ ನಿಂತು, ಮಳೆ ಬರುತ್ತಿದೆಯೇ ಎಂದು ಮೊಬೈಲಿನಲ್ಲಿ ನೋಡಿದ್ದುಂಟು. ನನ್ನ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ಈ ನಂಬಿಕೆಯಿಂದ ಮನೆಯೊಳಗೆ ಹಾಳಾದದ್ದು ನನ್ನ ಮರ್ಯಾದೆ ಮಾತ್ರ. ಹೊರಗೆ ಹಾಳಾದದ್ದನ್ನು ಹೇಳಿಕೊಳ್ಳದೆ ಸಮಾಧಾನವಿಲ್ಲ.

ಶಿವಮೊಗ್ಗದ ಒಂದು ಕಚೇರಿಯಲ್ಲಿ ಕೂತು, ಉಪಗ್ರಹ ತೆಗೆದ ಚಿತ್ರ ನೋಡಿ ನಾಲೆಯ ನೀರಿನ ನಕ್ಷೆ ಮಾಡುವುದು ನನ್ನ ಕೆಲಸ. ಬಾಯಾರಿದ ಗದ್ದೆ ಕೆಂಪು, ನೀರುಂಡ ಗದ್ದೆ ಹಸಿರು. ಕೆಂಪು ಹೆಚ್ಚಿರುವ ಕಡೆಗೆ ಮೊದಲು ನೀರು ಬಿಡುತ್ತಾರೆ. ತೊಂದರೆ ಒಂದೇ, ಮೋಡ. ನಮ್ಮ ಕಡೆಯ ಮೋಡ ಮಳೆ ಸುರಿಸುವುದನ್ನು ಮರೆತರೂ ಉಪಗ್ರಹಕ್ಕೆ ಅಡ್ಡ ನಿಲ್ಲುವುದನ್ನು ಮರೆಯದು. ಅದರ ಕೆಳಗಿನ ಗದ್ದೆ ನಕ್ಷೆಯಲ್ಲಿ ಬಿಳಿ ತೇಪೆಯಾಗಿ ಉಳಿಯುತ್ತದೆ. ಬಿಳಿ ಕಂಡರೆ ನಮ್ಮ ಸಾಹೇಬರಿಗೆ ಆಗದು. ಅದಕ್ಕೆ ನಾನೊಂದು ಉಪಾಯ ಹುಡುಕಿದೆ. ಪಕ್ಕದ ಗದ್ದೆಯ ಬಣ್ಣವನ್ನೇ ಇದಕ್ಕೂ ಬಳಿಯುವುದು. ಒಂದೇ ನಾಲೆ, ಒಂದೇ ಮಣ್ಣು, ಬಣ್ಣ ಬೇರೆ ಹೇಗಿದ್ದೀತು? ಸಾಹೇಬರು ಖುಷಿಯಾಗಿ ಮಸಾಲೆ ದೋಸೆ ಕೊಡಿಸಿದರು.

ಭದ್ರಾವತಿಯ ಆಚೆ, ಅದೇ ನಾಲೆಯ ಕೊನೆಯಲ್ಲಿ ನನ್ನ ಅಕ್ಕನ ಒಂದೂವರೆ ಎಕರೆ ಭತ್ತವಿದೆ. ಭಾವ ಕಾರ್ಖಾನೆಯ ಶಿಫ್ಟಿಗೆ ಹೋಗುವವರು, ಗದ್ದೆ ಪೂರ್ತಿ ಅಕ್ಕನದೇ. ಹೋದ ತಿಂಗಳು ಫೋನ್ ಮಾಡಿದಳು.

"ಗದ್ದೆ ಬಿರುಕು ಬಿಟ್ಟಿದೆ ಕಣೋ. ತೆನೆ ಹಾಲು ತುಂಬೋ ಹೊತ್ತು. ಒಂದೇ ಒಂದು ಸಲ ನೀರು ಬಿಡ್ಸು ಮಾರಾಯ."

ನಕ್ಷೆ ತೆರೆದೆ. ಅಕ್ಕನ ಗದ್ದೆ ಗಿಳಿಯ ಹಾಗೆ ಹಸಿರಾಗಿತ್ತು. "ನನ್ನ ಕಣ್ಣೆದುರಿಗೇ ಇದೆ ಅಕ್ಕ, ಚೆನ್ನಾಗಿದೆ. ಸುಮ್ನೆ ಗಾಬರಿಯಾಗ್ಬೇಡ" ಎಂದೆ. ಅವಳು ಮಾತಾಡುತ್ತಿದ್ದದ್ದು ಬದುವಿನ ಮೇಲೆ ನಿಂತು. ನಾನಿದ್ದದ್ದು ಕಚೇರಿಯ ಫ್ಯಾನಿನ ಕೆಳಗೆ. ಆದರೂ ಅವಳು ನನ್ನ ಮಾತನ್ನೇ ನಂಬಿದಳು, ತಮ್ಮ ಓದಿದವನು ನೋಡಿ. ಆ ಸರದಿಯ ನೀರು ಬೇರೆ ಕಡೆಗೆ ಹೋಯಿತು.

ಮರುವಾರ ಭಾನುವಾರ ಹೋದೆ. ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಗದ್ದೆಗಿಳಿದೆ. ಕೆಸರೆಲ್ಲಿಯದು, ಬಿರುಕಿನಲ್ಲಿ ಕಾಲ್ಬೆರಳು ಸಿಕ್ಕಿಕೊಂಡಿತು. ತೆನೆ ಹಿಸುಕಿ ನೋಡಿದರೆ ಹಾಲಿಲ್ಲ, ಬರೀ ಜಳ್ಳು. ಪಕ್ಕದ ಗದ್ದೆ ಮಾತ್ರ ನಳನಳಿಸುತ್ತಿತ್ತು. ಅವರಿಗೆ ಬೋರ್‌ವೆಲ್ ಇದೆಯಂತೆ. ಆ ಹಸಿರನ್ನು ಎತ್ತಿ ಇಲ್ಲಿಗೆ ಬಳಿದವನು ನಾನೇ ಎಂದು ಆಗ ಹೊಳೆಯಿತು. ಬದುವಿನ ಮೇಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. ಮುಂದಿನ ಸರದಿಗೆ ಇನ್ನೂ ಹದಿನೈದು ದಿನ ಎಂದರು. ಜಳ್ಳಾದ ಭತ್ತಕ್ಕೆ ಹದಿನೈದು ದಿನವಾದರೇನು, ಹದಿನೈದು ವರ್ಷವಾದರೇನು.

ಮನೆಗೆ ಬಂದಾಗ ಅಕ್ಕ ಎಂದಿನಂತೆ ಕಾಲಿಗೆ ಒಂದು ಚೊಂಬು ನೀರು ಕೊಟ್ಟಳು. ಕೆಸರೇ ಹತ್ತದ ಕಾಲನ್ನು ತೊಳೆದುಕೊಂಡು ಒಳಗೆ ಹೋಗಿ ಊಟಕ್ಕೆ ಕೂತೆ. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬಡಿಸುತ್ತ, "ಒಣಗಿದ ಗದ್ದೇನ ಹಸಿರು ಅಂತ ಯಾರೋ ನಿಂಗೆ ಹೇಳಿದ್ದು?" ಎಂದು ಮೆತ್ತಗೆ ಕೇಳಿದಳು.

"ಉಪಗ್ರಹ" ಎಂದೆ.

ಅಕ್ಕ ಬಾಗಿಲಾಚೆಯ ಆಕಾಶವನ್ನು ಸ್ವಲ್ಪ ಹೊತ್ತು ನೋಡಿದಳು. "ಪಾಪ, ಅಷ್ಟು ಮೇಲಿಂದ ಅದಕ್ಕಾದ್ರೂ ಹೇಗೆ ಕಾಣ್ಬೇಕು, ಬಿಡು" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಹೋದ ವರ್ಷದ ಭತ್ತದ ಅನ್ನ. ಉಪಗ್ರಹದ ಪರವಾಗಿ ನಾನೇ ತಲೆ ತಗ್ಗಿಸಿ ಉಂಡೆ.