ದೊಡ್ಡಪ್ಪನ ನೀರುತಿಗಣೆ

ನಮ್ಮ ದೊಡ್ಡಪ್ಪನ ಮದುವೆ ತಪ್ಪಿಸಿದ್ದು ಒಂದು ಹುಳ ಎಂದರೆ ನಂಬುತ್ತೀರಾ? ನಮ್ಮೂರು ಇಟ್ಟಿಗಿಯಲ್ಲಿ ಎಲ್ಲರೂ ನಂಬಿದ್ದರು! ಹೆಣ್ಣು ನೋಡಲು ಕೊಟ್ಟೂರಿಗೆ ಹೊರಟವರು ದಾರಿಯ ಹೊಂಡದಲ್ಲಿ ನೀರುತಿಗಣೆ ಕಂಡು, ಹೊಸ ರುಮಾಲಿನಲ್ಲೇ ಅದನ್ನು ಹಿಡಿದು, ಒದ್ದೆ ಧೋತರ ಹಿಂಡುತ್ತ ವಾಪಸ್ಸು ಬಂದರಂತೆ.

ಮನೆಯಲ್ಲಿ ನಾವಿಬ್ಬರೇ. ಹಂಡೆಯಲ್ಲಿ ಮಾತ್ರ ಕೆರೆಯ ಹುಳಗಳ ತುಂಬು ಸಂಸಾರ!

“ಯಪ್ಪಾ, ನಿಮ್ಮನಿ ನೀರು ಕುಡೀಬೇಕೋ, ಅಗೀಬೇಕೋ?” ಎಂದು ಪಕ್ಕದ ಮನೆಯಾಕೆ ಕೇಳಿದರೆ, “ಹುಳ ಬದುಕಿದ ನೀರಾಗ ಮನುಷ್ಯಾ ಸಾಯಂಗಿಲ್ಲ ಬಿಡವ್ವಾ!” ಎನ್ನುತ್ತಿದ್ದರು ದೊಡ್ಡಪ್ಪ.

ಎಪ್ಪತ್ತರ ದಶಕ. ನಾನು ಹಂಗಾಮಿ ಮಾಸ್ತರ. ಕಾಯಂ ಆಗುವುದು ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ಒಂದು ವರದಿಯ ಮೇಲಿತ್ತು. ಅವರು ಊಟಕ್ಕೆ ಬರುವ ದಿನ “ಹಂಡೆ ತೊಳೀರಿ” ಎಂದು ಗದರಿದೆ. ದೊಡ್ಡಪ್ಪ ಪಾಪ, ತೊಳೆದರು. ಒಂದೇ ಒಂದು ಹುಳವನ್ನು ಮಾತ್ರ ಬಾಗಿಲ ಬಳಿಯ ತಂಬಿಗೆಯಲ್ಲಿ ಬಚ್ಚಿಟ್ಟರು.

ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ? ನಾನು ಅದೇ ತಂಬಿಗೆ ಎತ್ತಿ ಭಕ್ತಿಯಿಂದ ಸಾಹೇಬರ ಪಾದಕ್ಕೆ ಸುರಿದೆ.

“ಅಯ್ಯಯ್ಯೋ!” ಸಾಹೇಬರು ಒಂಟಿಕಾಲಲ್ಲಿ ಕುಣಿದರು. ಹೆಬ್ಬೆರಳಿಗೆ ಹುಳ ಕಚ್ಚಿಕೊಂಡಿತ್ತು! ಓಡಿಬಂದ ದೊಡ್ಡಪ್ಪ ಹುಳವನ್ನು ಬಿಡಿಸಿ ಕೇಳಿದ್ದೇನು? “ಇದಕ್ಕ ಪೆಟ್ಟಾತೇನು?”

“ಯಾರ್ರೀ ಈ ಮನುಷ್ಯ?” ಸಾಹೇಬರು ಕಿರುಚಿದರು.

“ಮನಿ ಆಳ್ರೀ ಸರ್,” ಎಂದೆ ನಾನು.

ದೊಡ್ಡಪ್ಪ ಒಮ್ಮೆ ನನ್ನನ್ನು ನೋಡಿದರು. “ಹೌದ್ರಿ ಸಾಹೇಬ್ರ, ಆಳು. ತಪ್ಪಾತ್ರಿ,” ಎಂದು ಕೈಮುಗಿದರು. ನಮಗೆ ಬಡಿಸಿ, ಎಂಜಲೆಲೆಯನ್ನೂ ತಾವೇ ಎತ್ತಿದರು. ನಾನು ಸಾಹೇಬರ ಪಕ್ಕದಲ್ಲಿ ಕೂತು ಉಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಸಾಹೇಬರು ಹೋದ ಮೇಲೆ ಹಿತ್ತಲಿಗೆ ಹೋದೆ. ದೊಡ್ಡಪ್ಪ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ನೀರಿನಲ್ಲಿದ್ದ ಅದೇ ಹುಳದ ಬೆನ್ನ ತುಂಬ ತತ್ತಿ.

“ನೋಡು ತಮ್ಮಾ, ಇದು ಗಂಡು. ಹೆಣ್ಣು ಬೆನ್ನ ಮ್ಯಾಲ ತತ್ತಿ ಇಟ್ಟು ಹೋಗ್ಯಾಳ. ಮರಿ ಆಗೋತನಕ ಇಂವಾನ ಹೊರಬೇಕು. ಅದಿರ್ಲಿ, ನೌಕರಿ ಕಾಯಂ ಆಕ್ಕೈತಂತೇನು?”

ಅಪ್ಪ ಅವ್ವ ತೀರಿದಾಗ ನನಗೆ ಎರಡು ವರ್ಷ. ಮಳೆಗಾಲದಲ್ಲಿ ಹಳ್ಳ ದಾಟಿಸಿ ಶಾಲೆಗೆ ಮುಟ್ಟಿಸಿದ್ದು ದೊಡ್ಡಪ್ಪನ ಇದೇ ಬೆನ್ನು. ಕೂಸನ್ನು ಬೇರೆ ಕಡೆ ಬಿಟ್ಟರೆ ಮಾತ್ರ ಹೆಣ್ಣು ಕೊಡುತ್ತೇವೆ ಎಂದಿದ್ದರಂತೆ ಕೊಟ್ಟೂರಿನವರು. ಹುಳದ ಕತೆ ದೊಡ್ಡಪ್ಪನೇ ಕಟ್ಟಿದ್ದೆಂದು ನನಗೆ ತಿಳಿದಿತ್ತು. ತಿಳಿದೂ ಆಳು ಎಂದಿದ್ದೆ.

“ಆಕ್ಕೈತಂತ,” ಎಂದೆ.

“ಹಂಗಾದ್ರ ಆಳು ಅಂದಿದ್ದು ಚಲೋ ಆತು ಬಿಡು,” ಎಂದು ನಕ್ಕರು.

ಇಪ್ಪತ್ತೆರಡು ವರ್ಷದ ಮಾಸ್ತರ ನಾನು, ಆ ಬೆನ್ನಿಗೆ ಮುಖ ಒತ್ತಿ ಅತ್ತುಬಿಟ್ಟೆ.